ಹೆಡ್‌ಫೋನ್‌ನಲ್ಲಿದ್ದ ದನಿ ಫೋನಿನಲ್ಲಿ ಮಾಯ: ಮೋನೋದಲ್ಲಿ ಕೆಡುವ ಮಿಕ್ಸ್‌ನ ದೋಷ ಹುಡುಕುವುದು

ಒಂದು ಭಾವಗೀತೆ ಮಿಕ್ಸ್ ಮಾಡಿದ್ದೆ. ಹಾಡಿದವರು ನಮ್ಮ ಬೀದಿಯ ಟೀಚರ್. ತಬಲ, ಕೊಳಲು, ಕೀಬೋರ್ಡ್, ಹಿಂದೆ ತಂಬೂರಿ, ಅಷ್ಟೇ. ಹೆಡ್‌ಫೋನ್‌ನಲ್ಲಿ ಅವರ ದನಿ ಎರಡೂ ಕಿವಿಯ ಆಚೆಗೆ ಹರಡಿಕೊಂಡು, ತಲೆಯ ಸುತ್ತ ನಿಂತ ಹಾಗೆ ಕೇಳುತ್ತಿತ್ತು. ಎಷ್ಟು ವಿಶಾಲವಾಗಿ ಬಂತಲ್ಲ ಅಂತ ನನಗೇ ಖುಷಿ. ರಾತ್ರಿಯೇ ವಾಟ್ಸಾಪ್‌ನಲ್ಲಿ ಕಳಿಸಿ ಮಲಗಿದೆ.

ಬೆಳಿಗ್ಗೆ ಫೋನ್ ಬಂತು.

"ತಬಲ ಚೆನ್ನಾಗಿ ಬಂದಿದೆ ಕಣಪ್ಪ. ಆದ್ರೆ ನಾನೆಲ್ಲಿ?"

"ಯಾಕೆ ಟೀಚರ್, ನಿಮ್ಮ ದನಿ ಕಮ್ಮಿ ಆಯ್ತಾ?"

"ಕಮ್ಮಿ ಅಲ್ಲ, ಇಲ್ಲವೇ ಇಲ್ಲ. ಯಾರೋ ಬಾವಿ ಒಳಗಿಂದ ಹಾಡಿದ ಹಾಗೆ ಎಲ್ಲೋ ಒಂಚೂರು ಕೇಳ್ತಿದೆ."

ಅವರದ್ದು ಹಳೇ ಫೋನು. ಕೆಳಗಡೆ ಒಂದೇ ಸ್ಪೀಕರ್. ನಾನು ವಿಶಾಲ ಅಂದುಕೊಂಡು ಬೀಗಿದ್ದೇನಿತ್ತೋ ಅದೇ ದೋಷ. ಅದನ್ನು ಕಂಡುಹಿಡಿಯೋಕೆ ಅರ್ಧ ದಿನ ಹೋಯಿತು. ಆ ಅರ್ಧ ದಿನದಲ್ಲಿ ಮೊದಲ ಎರಡು ಗಂಟೆ ಸುಮ್ನೆ ಇಕ್ಯೂ (ಮೇಲಿನ, ಕೆಳಗಿನ ಸ್ವರಗಳನ್ನು ಹೆಚ್ಚು ಕಮ್ಮಿ ಮಾಡುವ ಸಾಧನ) ತಿರುಗಿಸಿ ಹಾಳು ಮಾಡಿದೆ. ನಿಮಗೆ ಆ ಎರಡು ಗಂಟೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೋನೋದಲ್ಲಿ, ಅಂದರೆ ಎಡ-ಬಲ ಎರಡೂ ಸೇರಿ ಒಂದೇ ಸ್ಪೀಕರಿನಲ್ಲಿ ಬಂದಾಗ, ಏನಾದರೂ ಮಾಯವಾದರೆ ಇಕ್ಯೂ, ಕಂಪ್ರೆಸರ್, ಫೇಡರ್ ಯಾವುದನ್ನೂ ಮುಟ್ಟಬೇಡಿ. ಎಲ್ಲೋ ಒಂದು ಕಡೆ ಕೂಡಿಸಬೇಕಾದದ್ದು ಕಳೆಯುತ್ತಿದೆ. ಎಲ್ಲಿ ಅಂತ ಮೊದಲು ಹುಡುಕಿ.

ಮೊದಲು ಬೇರೆ ಹಾಡು ಹಾಕಿ ನೋಡಿ

ಕಂಪ್ಯೂಟರಿನಲ್ಲಿ ಮಿಕ್ಸ್‌ನ ಸೆಷನ್ ತೆರೆಯುವುದಕ್ಕೂ ಮೊದಲು ಇದೊಂದು ಕೆಲಸ ಮಾಡಿ. ಅದೇ ಫೋನಿನಲ್ಲಿ, ಅದೇ ಇಯರ್‌ಫೋನಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಮೂರು ಸಿನಿಮಾ ಹಾಡು ಕೇಳಿ. ಅವುಗಳಲ್ಲೂ ಗಾಯಕರ ದನಿ ಇಲ್ಲ ಅಂದರೆ ನಿಮ್ಮ ಮಿಕ್ಸ್‌ನ ತಪ್ಪಲ್ಲ. ಕೆಟ್ಟಿರುವುದು ಜ್ಯಾಕ್.

ಇಯರ್‌ಫೋನ್ ಪಿನ್ನಿನ ತುದಿ ಎಡಗಿವಿಗೆ, ಅದರ ಪಕ್ಕದ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಬುಡದ ತಂತಿ ಕಿತ್ತುಹೋದರೆ ಕರೆಂಟು ಒಂದು ಕಿವಿಯ ಸ್ಪೀಕರಿನಿಂದ ಹೋಗಿ ಇನ್ನೊಂದರ ಮೂಲಕ ವಾಪಸ್ ಬರಬೇಕಾಗುತ್ತದೆ. ಆಗ ಕೇಳಿಸುವುದು ಎಡ-ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಸಿನಿಮಾ ಹಾಡಿನಲ್ಲಿ ದನಿ ಎರಡೂ ಕಡೆ ಸಮನಾಗಿರುತ್ತದೆ. ಸಮದಲ್ಲಿ ಸಮ ಕಳೆದರೆ ಸೊನ್ನೆ. ದನಿ ಹೋಗಿ, ಪಕ್ಕದ ವಾದ್ಯಗಳು ಮತ್ತು ರೀವರ್ಬ್ (ದನಿಗೆ ಸೇರಿಸಿದ ಪ್ರತಿಧ್ವನಿ) ಉಳಿಯುತ್ತವೆ, ಕರೋಕೆ ಹಾಕಿದ ಹಾಗೆ. ಪಿನ್ ಪೂರ್ತಿ ಒಳಗೆ ಹೋಗದೇ ಇದ್ದರೂ ಹೀಗಾಗಬಹುದು. ಮೈಕ್ ಇರುವ ಇಯರ್‌ಫೋನ್‌ಗಳಲ್ಲಿ ಗ್ರೌಂಡ್ ಮತ್ತು ಮೈಕ್ ಜಾಗ ಅದಲುಬದಲಾದ ಎರಡು ನಮೂನೆಗಳಿವೆ. ಒಂದರ ಪಿನ್ನನ್ನು ಇನ್ನೊಂದರ ಜ್ಯಾಕಿಗೆ ಹಾಕಿದರೂ ಇದೇ ಕಥೆ. ಆಗ ಮೈಕ್ ಬಟನ್ ಒತ್ತಿ ಹಿಡಿದರೆ ದನಿ ವಾಪಸ್ ಬರುತ್ತದೆ, ಬಿಟ್ಟರೆ ಮತ್ತೆ ಹೋಗುತ್ತದೆ. ಒಂದು ಸಲ ಮಾಡಿ ನೋಡಿ, ಮಜವಾಗಿರುತ್ತದೆ.

ಇನ್ನೊಂದು ತಮಾಷೆ ನಮ್ಮ ಮೈಕ್ ಸೆಟ್‌ನವರದ್ದು. ಮದುವೆ ಮನೆ, ಗಣೇಶನ ಪೆಂಡಾಲ್, ಜಾತ್ರೆ, ಇಲ್ಲೆಲ್ಲ ಹೆಚ್ಚಿನ ಸೆಟ್‌ಗಳು ಮೋನೋ. ಆದರೆ ಫೋನಿನಿಂದ ಬರುವ ಎರಡು ಪಿನ್ನಿನ ಕೇಬಲ್‌ನಲ್ಲಿ ಒಂದನ್ನು ಮಾತ್ರ ಆಂಪ್ಲಿಫೈಯರಿಗೆ ಸಿಕ್ಕಿಸಿ ಇನ್ನೊಂದನ್ನು ನೇತಾಡಲು ಬಿಟ್ಟಿರುತ್ತಾರೆ. ಇಲ್ಲಿ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಅರ್ಧ ಹಾಡು ಬರೋದೇ ಇಲ್ಲ. ನಿಮ್ಮ ಕೊಳಲು ಪೂರ್ತಿ ಬಲಕ್ಕಿದ್ದರೆ ಆ ಪೆಂಡಾಲಿನಲ್ಲಿ ಕೊಳಲಿಲ್ಲ. ಮೋನೋ ಬಟನ್ ಒತ್ತಿ ಪರೀಕ್ಷೆ ಮಾಡಿದರೆ ಈ ತೊಂದರೆ ಗೊತ್ತಾಗಲ್ಲ. ಎಡಗಡೆ ಮಾತ್ರ ಒಮ್ಮೆ, ಬಲಗಡೆ ಮಾತ್ರ ಒಮ್ಮೆ ಕೇಳಬೇಕು. ದೇವರನಾಮ, ಜನಪದ, ಇಂಥ ಕಡೆ ಮೊಳಗುವ ಹಾಡು ಯಾವುದೇ ಇರಲಿ, ಮುಖ್ಯ ವಾದ್ಯ ಯಾವುದನ್ನೂ ನಾನು ಪೂರ್ತಿ ಒಂದು ಪಕ್ಕಕ್ಕೆ ತಳ್ಳುವುದಿಲ್ಲ.

ಬೇರೆ ಹಾಡುಗಳೆಲ್ಲ ಸರಿಯಾಗಿ ಕೇಳಿ ನಿಮ್ಮದು ಮಾತ್ರ ಕೆಟ್ಟಿದ್ದರೆ ಮುಂದೆ ಓದಿ.

ಮೋನೋ ಅಂದರೆ ಕೂಡುವ ಲೆಕ್ಕ

ಎಡಗಡೆಯ ಸಿಗ್ನಲ್ಲು, ಬಲಗಡೆಯ ಸಿಗ್ನಲ್ಲು, ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿಗೆ ಕೊಡುವುದು. ಮೋನೋದಲ್ಲಿ ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಎರಡೂ ಕಡೆ ಒಂದೇ ಅಲೆ ಇದ್ದರೆ ಕೂಡಿದಾಗ 6 ಡೆಸಿಬೆಲ್ ಏರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ, ಆದರೆ ಒಂದೇ ಮಟ್ಟದ ಎರಡು ಸದ್ದಾದರೆ ಸುಮಾರು 3 ಡೆಸಿಬೆಲ್. ಒಂದು ಮೇಲೆ ಹೋಗುವಾಗ ಇನ್ನೊಂದು ಅಷ್ಟೇ ಕೆಳಗೆ ಹೋಗುತ್ತಿದ್ದರೆ ಸೊನ್ನೆ. ಒಂದೇ ಸದ್ದು ಒಂದು ಕಡೆ ಸ್ವಲ್ಪ ತಡವಾಗಿ ಬಂದರೆ ಕೆಲವು ಸ್ವರ ಏರಿ ಕೆಲವು ಅಳಿಸಿಹೋಗುತ್ತವೆ.

ಇದು ಬರೀ ಹಳೇ ಫೋನಿನ ವಿಷಯ ಅಂತ ತಳ್ಳಿಹಾಕಬೇಡಿ. ಐಫೋನಿಗೇ ಸ್ಟೀರಿಯೋ ಸ್ಪೀಕರ್ ಬಂದದ್ದು 2016ರಲ್ಲಿ, 7ನೇ ಮಾಡೆಲ್‌ನಲ್ಲಿ. ಅಂಗೈಯಲ್ಲಿ ಹಿಡಿಯುವಂಥ ಬ್ಲೂಟೂತ್ ಸ್ಪೀಕರುಗಳಲ್ಲಿ ಹೆಚ್ಚಿನವು ಮೋನೋ. ಎರಡು ಕೋನ್ ಇದ್ದರೂ ಅವುಗಳ ನಡುವೆ ಒಂದು ಗೇಣು ಜಾಗ ಇರಲ್ಲ, ನಾಲ್ಕು ಅಡಿ ದೂರದಿಂದ ಅದೂ ಮೋನೋನೇ. ಎಫ್‌ಎಂ ರೇಡಿಯೋ ಅಂತೂ ಈ ಲೆಕ್ಕದ ಮೇಲೇ ನಿಂತಿದೆ. 1961ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡ ಪದ್ಧತಿ ಅದು. ಎಡ-ಬಲ ಕೂಡಿಸಿದ್ದು ಮುಖ್ಯ ಸಿಗ್ನಲ್, ಒಂದರಿಂದ ಒಂದನ್ನು ಕಳೆದದ್ದು 38 ಕಿಲೋಹರ್ಟ್ಜ್ ಮೇಲೆ ಕೂತು ಬರುತ್ತದೆ, ಸ್ಟೀರಿಯೋ ಇದೆ ಅಂತ ಹೇಳಲು 19 ಕಿಲೋಹರ್ಟ್ಜ್‌ನ ಒಂದು ಪೈಲಟ್ ಟೋನ್. ಮೋನೋ ರೇಡಿಯೋ ಕೂಡಿಸಿದ್ದನ್ನಷ್ಟೇ ಕೇಳಿಸುತ್ತದೆ. ಕಾರು ಶಿರಾಡಿ ಘಾಟಿ ಇಳಿಯುವಾಗ ಸಿಗ್ನಲ್ ಸೊರಗಿದರೆ ಕಾರಿನ ರೇಡಿಯೋ ಕೂಡ ಗೊರಗೊರ ಸದ್ದು ತಗ್ಗಿಸಲು ಸ್ಟೀರಿಯೋ ಬಿಟ್ಟು ಮೋನೋಗೆ ಜಾರುತ್ತದೆ.

ಸರಿಯಾಗಿ ಮೋನೋದಲ್ಲಿ ಕೇಳುವುದು

ದೋಷ ನಿಮ್ಮ ಮೇಜಿನ ಮೇಲೆ ಕೇಳಿಸದೇ ಹೋದರೆ ಹುಡುಕೋದು ಹೇಗೆ? ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ, ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕ್‌ನಲ್ಲಿ ಮೋನೋ ಬಟನ್ ಹುಡುಕಿ. ರೀಪರ್‌ನ ಮಾಸ್ಟರ್‌ನಲ್ಲೇ ಇದೆ. ಲಾಜಿಕ್‌ನಲ್ಲಿ ಗೇನ್ ಪ್ಲಗಿನ್ (ಟ್ರ್ಯಾಕ್ ಮೇಲೆ ಹಾಕುವ ಸಣ್ಣ ಸಾಧನ), ಏಬಲ್ಟನ್‌ನಲ್ಲಿ ಯುಟಿಲಿಟಿ. ಆಡಾಸಿಟಿಯಲ್ಲಾದರೆ ಫೈಲಿನ ಒಂದು ಪ್ರತಿ ತೆಗೆದು ಸ್ಟೀರಿಯೋವನ್ನು ಮೋನೋಗೆ ಇಳಿಸುವ ಆಜ್ಞೆ ಕೊಡಿ. ಫೋನಿನಲ್ಲೇ ನೋಡಬೇಕಾದರೆ ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿಯಲ್ಲಿ ಮೋನೋ ಆಡಿಯೋ ಅಂತ ಇರುತ್ತದೆ. ಒಂದೇ ಕಿವಿ ಕೇಳುವವರಿಗಾಗಿ ಇಟ್ಟದ್ದು ಅದು. ಅವರೂ ನಿಮ್ಮ ಹಾಡು ಕೇಳುವವರೇ ಅಲ್ವಾ?

ಬಟನ್ ಒತ್ತಿದ ಮೇಲೆ ಒಂದು ಸ್ಪೀಕರ್ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಎರಡು ಸ್ಪೀಕರಿನಲ್ಲಿ ಒಂದೇ ಸದ್ದು ಬಂದರೆ ಬಲಗಡೆಯ ಸ್ಪೀಕರಿನ ಸದ್ದು ಎಡಗಿವಿಗೂ ಹೋಗುತ್ತದೆ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ. ಅದರಿಂದಲೇ 2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ಅದು ಎರಡು ಸ್ಪೀಕರಿನಿಂದ ಬಂದ ತಗ್ಗು, ಮಿಕ್ಸ್‌ನದ್ದಲ್ಲ. ಹಳೇ ಸ್ಟುಡಿಯೋಗಳಲ್ಲಿ ಆರಟೋನ್ ಅನ್ನುವ ಒಂದೇ ಕೋನ್‌ನ ಪುಟ್ಟ ಡಬ್ಬಿಯನ್ನು ಮಿಕ್ಸರ್ ಮೇಲೆ ಇಟ್ಟುಕೊಂಡು, ಮೋನೋದಲ್ಲಿ ಅದೊಂದರಲ್ಲೇ ಕೇಳುತ್ತಿದ್ದದ್ದು ಸುಮ್ನೆ ಅಲ್ಲ.

ಮೀಟರ್ ಬೇಕಿದ್ದರೆ ಕೋರಿಲೇಷನ್ ಮೀಟರ್ ಹಾಕಿಕೊಳ್ಳಿ. ಪ್ಲಸ್ 1 ಅಂದರೆ ಎರಡೂ ಕಡೆ ಒಂದೇ. ಸೊನ್ನೆ ಅಂದರೆ ಸಂಬಂಧವಿಲ್ಲ. ಮೈನಸ್ 1 ಅಂದರೆ ಒಂದು ಇನ್ನೊಂದರ ತಲೆಕೆಳಗು. ಮುಳ್ಳು ಆಗಾಗ ಸೊನ್ನೆಯ ಕೆಳಗೆ ಇಣುಕಿದರೆ ಪರವಾಗಿಲ್ಲ. ಅಲ್ಲೇ ಬಿಡಾರ ಹೂಡಿದರೆ ಏನೋ ಕೆಟ್ಟಿದೆ. ಆದರೆ ಈ ಮೀಟರನ್ನು ಮಾಸ್ಟರ್ ಮೇಲೆ ಮಾತ್ರ ಹಾಕಿ ನೆಮ್ಮದಿಯಾಗಿ ಕೂರಬೇಡಿ. ನಾನು ಮಾಡಿದ ತಪ್ಪೇ ಅದು. ತಬಲ, ಕೀಬೋರ್ಡ್, ತಂಬೂರಿ ಸೇರಿ ಮುಳ್ಳನ್ನು ಪ್ಲಸ್ ಕಡೆಗೇ ಎಳೆದು ಹಿಡಿದಿದ್ದವು. ದನಿಯ ಟ್ರ್ಯಾಕ್ ಒಂದನ್ನೇ ಸೋಲೋ ಮಾಡಿದಾಗ ಮುಳ್ಳು ಮೈನಸ್ 1ಕ್ಕೆ ಹೋಗಿ ಅಂಟಿಕೊಂಡಿತು.

ಏನು ಹೋಯಿತು ಅನ್ನುವುದೇ ಸುಳಿವು

ಮೋನೋ ಬಟನ್ ಒತ್ತಿ, ಬಿಡಿ, ಮತ್ತೆ ಒತ್ತಿ. ಏನಾಯಿತು?

- ಒಂದು ವಾದ್ಯ ಅಥವಾ ದನಿ ಪೂರ್ತಿ ಮಾಯ, ಅದರ ರೀವರ್ಬ್ ಮಾತ್ರ ದೂರದಲ್ಲಿ ಉಳಿದಿದೆ: ಒಂದು ಕಡೆಯ ಪೊಲಾರಿಟಿ, ಅಂದರೆ ಅಲೆಯ ಮೇಲು-ಕೆಳಗು, ತಲೆಕೆಳಗಾಗಿದೆ. ಕೇಬಲ್ ನೋಡಿ.
- ಮಾಯವಾಗಿಲ್ಲ, ಆದರೆ ಪೈಪಿನ ಒಳಗಿಂದ ಬಂದ ಹಾಗೆ, ಡಬ್ಬಾ ಹಾಗೆ ಆಗಿದೆ: ಸಮಯದ ವ್ಯತ್ಯಾಸ. ಎರಡು ಮೈಕ್ ಇಟ್ಟಿದ್ದೀರಾ, ಡಿಲೇ ಹಾಕಿ ಅಗಲ ಮಾಡಿದ್ದೀರಾ ನೋಡಿ.
- ಕೆಳಗಿನ ಗುಂಯ್ ಅನ್ನೋದು ಮಾತ್ರ ಹೋಯಿತು: ಡ್ರಮ್ಮಿನ ಎರಡು ಮೈಕ್, ಇಲ್ಲವೇ ಬೇಸ್ ಮೇಲೆ ಸ್ಟೀರಿಯೋ ಎಫೆಕ್ಟ್.
- ಪಕ್ಕದ ವಾದ್ಯ ಸ್ವಲ್ಪ ತಗ್ಗಿತು, ರೀವರ್ಬ್ ಕಮ್ಮಿಯಾಯಿತು, ಬಣ್ಣ ಕೆಟ್ಟಿಲ್ಲ: ಇದು ದೋಷವೇ ಅಲ್ಲ.

ಸ್ಟೀರಿಯೋದಲ್ಲೂ ಮೋನೋದಲ್ಲೂ ಒಂದೇ ರೀತಿ ಡಬ್ಬಾ ಕೇಳುತ್ತಿದ್ದರೆ ಈ ಕೈಪಿಡಿಯಲ್ಲಿ ಅದಕ್ಕೆ ಔಷಧಿ ಇಲ್ಲ. ಪ್ಲಗಿನ್ ತಡ ಸರಿಹೊಂದದೇ ಒಂದೇ ಟ್ರ್ಯಾಕ್‌ನ ಎರಡು ಪ್ರತಿ ಒಟ್ಟಿಗೆ ಓಡುತ್ತಿರಬಹುದು, ಅದನ್ನು ಬೇರೆ ಕಡೆ ಹುಡುಕಿ.

ಯಾವ ಟ್ರ್ಯಾಕ್ ಅಂತ ತಿಳಿಯಲು ಮೇಲಿನಿಂದ ಕೆಳಗೆ ಬನ್ನಿ. ಮೊದಲು ಮಾಸ್ಟರ್ ಮೇಲಿನ ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿ. ದೋಷ ಹೋಯಿತಾ? ಹಾಗಾದರೆ ಅಲ್ಲೇ ಯಾವುದೋ ಅಗಲ ಮಾಡುವ ಪ್ಲಗಿನ್ ಕೂತಿದೆ. ಹೋಗಿಲ್ಲ ಅಂದರೆ ಒಂದೊಂದೇ ಟ್ರ್ಯಾಕ್ ಸೋಲೋ ಮಾಡಿ, ಮೋನೋ ಒತ್ತಿ ಕೇಳಿ, ಮೋನೋ ಬಿಟ್ಟು ಮೀಟರ್ ನೋಡಿ. ಹತ್ತು ಟ್ರ್ಯಾಕ್ ಇದ್ದರೆ ಹತ್ತು ನಿಮಿಷದ ಕೆಲಸ.

ದನಿ ಪೂರ್ತಿ ಮಾಯ: ಕೇಬಲ್ ಕಥೆ

ಟೀಚರ್ ಹಾಡಿದ ದಿನ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಆಡಿಯೋ ಇಂಟರ್‌ಫೇಸ್ ರಿಪೇರಿಗೆ ಹೋಗಿತ್ತು. ಇರಲಿ ಅಂತ ಮೈಕನ್ನು ಸಣ್ಣ ಮಿಕ್ಸರಿಗೆ ಹಾಕಿ, ಅದರ ಔಟ್‌ಪುಟ್‌ನಿಂದ ಜೇಬಿನ ರೆಕಾರ್ಡರಿಗೆ ಒಂದು ಕೇಬಲ್ ಎಳೆದೆ. ಆ ಕೇಬಲ್ ಡ್ರಾಯರಿನಲ್ಲಿ ಬಿದ್ದಿತ್ತು. ಒಂದು ತುದಿ ದಪ್ಪ ಪಿನ್, ಇನ್ನೊಂದು ತುದಿ ಇಯರ್‌ಫೋನಿನಂಥ ಸಣ್ಣ ಪಿನ್. ಎರಡೂ ಕಡೆ ಸರಿಯಾಗಿ ಕೂತಿತು. ಕೂತರೆ ಸಾಕಲ್ಲ ಅಂದುಕೊಂಡೆ.

ಮಿಕ್ಸರ್‌ನ ಔಟ್‌ಪುಟ್ ಬ್ಯಾಲೆನ್ಸ್ಡ್. ಅಂದರೆ ಪಿನ್ನಿನ ತುದಿಯಲ್ಲಿ ಸಿಗ್ನಲ್, ಉಂಗುರದಲ್ಲಿ ಅದೇ ಸಿಗ್ನಲ್ಲಿನ ತಲೆಕೆಳಗಾದ ಪ್ರತಿ. ಉದ್ದ ಕೇಬಲ್‌ನಲ್ಲಿ ಸೇರಿಕೊಳ್ಳುವ ಹಮ್ ಕಳೆಯಲು ಮಾಡಿದ ಉಪಾಯ. ಆದರೆ ರೆಕಾರ್ಡರ್‌ನ ಇನ್‌ಪುಟ್ ಸ್ಟೀರಿಯೋ. ಅದಕ್ಕೆ ತುದಿ ಅಂದರೆ ಎಡ, ಉಂಗುರ ಅಂದರೆ ಬಲ. ಹಾಗಾಗಿ ಎಡಕ್ಕೆ ಟೀಚರ್ ದನಿ, ಬಲಕ್ಕೆ ಅದೇ ದನಿಯ ಉಲ್ಟಾ. ಹೆಡ್‌ಫೋನ್‌ನಲ್ಲಿ ಎರಡು ಕಿವಿಗೂ ಬೇರೆ ಬೇರೆಯಾಗಿ ಹೋಗುವುದರಿಂದ ಅಳಿಸಿಹೋಗಲ್ಲ, ಆದರೆ ಮೆದುಳಿಗೆ ದನಿ ಎಲ್ಲಿದೆ ಅಂತ ಗೊತ್ತಾಗಲ್ಲ. ಆ ಗೊಂದಲವನ್ನೇ ನಾನು ವೈಶಾಲ್ಯ ಅಂದುಕೊಂಡಿದ್ದು. ಫೋನ್ ಎರಡನ್ನೂ ಕೂಡಿಸಿತು, ಸೊನ್ನೆ ಬಂತು. ಬಾವಿಯೊಳಗಿನ ದನಿ ಉಳಿದದ್ದು ಯಾಕೆ ಅಂದರೆ ನಾನು ಹಾಕಿದ್ದ ರೀವರ್ಬ್ ಎಡ-ಬಲಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡು ಬೇರೆ ಬೇರೆ ಪ್ರತಿಧ್ವನಿ ಕೊಡುವಂಥದ್ದು. ಅವು ಒಂದಕ್ಕೊಂದು ಸರಿಹೊಂದದ ಕಾರಣ ಪೂರ್ತಿ ಅಳಿಯಲಿಲ್ಲ.

ಇದನ್ನು ಕಣ್ಣಲ್ಲೇ ಹಿಡಿಯಬಹುದು. ಟ್ರ್ಯಾಕನ್ನು ಚೆನ್ನಾಗಿ ಜೂಮ್ ಮಾಡಿ. ಎಡಗಡೆಯ ಗೆರೆ ಗುಡ್ಡ ಹತ್ತುವ ಜಾಗದಲ್ಲಿ ಬಲಗಡೆಯದು ಕಣಿವೆ ಇಳಿಯುತ್ತಿದ್ದರೆ, ಮಧ್ಯದಲ್ಲಿ ಕನ್ನಡಿ ಇಟ್ಟ ಹಾಗಿದ್ದರೆ, ಅದೇ.

ಪರಿಹಾರ ಸುಲಭ. ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಆಗಿ ಒಡೆದು, ಒಂದನ್ನು ಬಿಸಾಕಿ ಇನ್ನೊಂದನ್ನು ಮಧ್ಯಕ್ಕೆ ತನ್ನಿ. ನಾನು ಇನ್ನೊಂದು ದಾರಿ ಹಿಡಿದೆ. ಬಲಗಡೆಯದರ ಪೊಲಾರಿಟಿ ತಿರುಗಿಸಿ ಎರಡನ್ನೂ ಕೂಡಿಸಿದೆ. ದನಿ 6 ಡೆಸಿಬೆಲ್ ಏರುತ್ತದೆ, ರೆಕಾರ್ಡರ್‌ನ ಎರಡು ಇನ್‌ಪುಟ್‌ಗಳ ಸ್ಸ್ ಅನ್ನುವ ಸದ್ದು ಬೇರೆ ಬೇರೆಯಾದ್ದರಿಂದ 3 ಡೆಸಿಬೆಲ್ ಮಾತ್ರ ಏರುತ್ತದೆ. ಕೆಟ್ಟ ಕೇಬಲ್‌ನಿಂದ ಸಿಕ್ಕಿದ ಒಂದೇ ಲಾಭ ಅದು. ಆಮೇಲೆ ತುದಿಯ ಸಿಗ್ನಲ್ ಮಾತ್ರ ತೆಗೆದುಕೊಂಡು ಎಡ-ಬಲ ಎರಡಕ್ಕೂ ಕೊಡುವ ಕೇಬಲ್ ಬೆಸುಗೆ ಹಾಕಿಸಿಕೊಂಡೆ.

ಹರಿಕಥೆ, ಉಪನ್ಯಾಸ, ಮದುವೆ ವಿಡಿಯೋ ಮಾಡುವವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಮೂರು ಪಿನ್ನಿನ ಮೈಕ್ ಕೇಬಲ್‌ನಿಂದ ಕ್ಯಾಮೆರಾದ ಸಣ್ಣ ಜ್ಯಾಕಿಗೆ ಅಗ್ಗದ ಅಡಾಪ್ಟರ್ ಹಾಕಿದರೆ ಇದೇ ಕಥೆ. "ಕಂಪ್ಯೂಟರಿನಲ್ಲಿ ಕೇಳುತ್ತೆ, ಫೋನಿನಲ್ಲಿ ಮಾತೇ ಬರಲ್ಲ" ಅನ್ನುವ ದೂರು ಬಂದರೆ ಎಡಿಟಿಂಗ್ ಬಿಟ್ಟು ಅಡಾಪ್ಟರ್ ನೋಡಿ. ಮೈಕ್ ಕೇಬಲ್‌ನಲ್ಲಿ 1ನೇ ಪಿನ್ ಗ್ರೌಂಡ್, 2ನೆಯದು ಪ್ಲಸ್, 3ನೆಯದು ಮೈನಸ್. ಯಾರೋ ಅವಸರದಲ್ಲಿ ಬೆಸುಗೆ ಹಾಕುವಾಗ 2 ಮತ್ತು 3 ಅದಲುಬದಲು ಮಾಡಿದ್ದರೆ ಆ ಕೇಬಲ್ ಒಂದೇ ಇದ್ದಾಗ ಏನೂ ಗೊತ್ತಾಗಲ್ಲ. ಪಕ್ಕದಲ್ಲಿ ಇನ್ನೊಂದು ಮೈಕ್ ಬಂದಾಗಲೇ ಜಗಳ ಶುರು.

ಎರಡು ಮೈಕ್, ಒಂದು ಮೃದಂಗ

ಮೃದಂಗಕ್ಕೆ ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟು, ಎರಡನ್ನೂ ಎರಡು ಪಕ್ಕಕ್ಕೆ ಪ್ಯಾನ್ ಮಾಡಿದರೆ ಸ್ಟೀರಿಯೋದಲ್ಲಿ ರಾಜನ ಹಾಗೆ ಕೂರುತ್ತದೆ. ಮೋನೋದಲ್ಲಿ ಮಾತ್ರ ಎಡಗೈಯ "ತೊಂ" ಸತ್ತುಹೋಗುತ್ತದೆ. ಬಲಗಡೆಯ "ನಂ" ಚೆನ್ನಾಗೇ ಇರುತ್ತದೆ. ಯಾಕೆ ಹೀಗೆ?

ಎರಡು ಮುಚ್ಚಿಗೆಯ ನಡುವೆ ಗಾಳಿ ಸಿಕ್ಕಿಕೊಂಡಿದೆ. ಎಡಗಡೆ ಹೊಡೆದಾಗ ಆ ಚರ್ಮ ಒಳಗೆ ಹೋಗುತ್ತದೆ, ಒಳಗಿನ ಗಾಳಿ ಬಲಗಡೆಯದನ್ನು ಹೊರಗೆ ತಳ್ಳುತ್ತದೆ. ಎಡ ಮೈಕಿನಿಂದ ನೋಡಿದರೆ ಚರ್ಮ ದೂರ ಹೋಯಿತು, ಬಲ ಮೈಕಿನಿಂದ ನೋಡಿದರೆ ಹತ್ತಿರ ಬಂತು. ಕೆಳಸ್ವರಗಳಲ್ಲಿ ಎರಡೂ ಒಂದಕ್ಕೊಂದು ಉಲ್ಟಾ. ಡೋಲಕ್‌ಗೂ ಇದೇ, ಡ್ರಮ್ಸ್‌ನ ಸ್ನೇರ್‌ಗೆ ಮೇಲೆ ಕೆಳಗೆ ಮೈಕ್ ಇಟ್ಟರೂ ಇದೇ.

ಹೀಗೆ ಮಾಡಿ. ಎರಡೂ ಮೈಕ್ ಸೋಲೋ, ಮೋನೋ ಆನ್. ಒಂದು "ತೊಂ" ಇರುವ ಜಾಗ ಹಿಡಿದು ಲೂಪ್ ಮಾಡಿ. ಈಗ ಒಂದು ಮೈಕಿನ ಪೊಲಾರಿಟಿ ಬಟನ್ ಒತ್ತಿ, ಬಿಡಿ. ಯಾವ ಸ್ಥಿತಿಯಲ್ಲಿ ಹೊಟ್ಟೆ ತುಂಬಿದ ಹಾಗೆ ಕೇಳುತ್ತದೋ ಅದು ಸರಿ. ಯೋಚನೆ ಬೇಡ, ಕಿವಿ ಹೇಳಿದ್ದನ್ನು ಕೇಳಿ. ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಬಟನ್ ಅದು. ಎಲ್ಲರೂ ಫೇಸ್ ಬಟನ್ ಅಂತಾರೆ, ನಿಜ ಹೇಳಬೇಕೆಂದರೆ ಅದು ಪೊಲಾರಿಟಿ. ಅಲೆಯನ್ನು ತಲೆಕೆಳಗು ಮಾಡುತ್ತದೆ, ಸಮಯ ಸರಿಸುವುದಿಲ್ಲ.

ಸಮಯದ ತೊಂದರೆ ಬೇರೆ. ವೀಣೆ ಉದಾಹರಣೆ ತೆಗೆದುಕೊಳ್ಳಿ. ಕುದುರೆಯ ಹತ್ತಿರ ಒಂದು ಮೈಕ್, ಅದಕ್ಕಿಂತ 34 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಎರಡನೇ ಮೈಕಿಗೆ 1 ಮಿಲಿಸೆಕೆಂಡ್ ತಡ. ಎರಡನ್ನೂ ಒಂದೇ ಮಟ್ಟದಲ್ಲಿ ಕೂಡಿಸಿದರೆ 500 ಹರ್ಟ್ಜ್ ಅಳಿಸಿಹೋಗುತ್ತದೆ, ಆಮೇಲೆ 1500, 2500, 3500. ಗ್ರಾಫ್ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಇದಕ್ಕೆ ಇಕ್ಯೂ ಹಾಕಿ ಉಪಯೋಗವಿಲ್ಲ, ಅಳಿಸಿಹೋದದ್ದನ್ನು ಎಷ್ಟು ಏರಿಸಿದರೂ ಅದು ಸೊನ್ನೆಯೇ.

ದೂರದ ಮೈಕಿನ ಟ್ರ್ಯಾಕನ್ನು ಎಡಕ್ಕೆ, ಅಂದರೆ ಮುಂಚೆ ಬರುವ ಹಾಗೆ, ಎಳೆದು ಹೊಂದಿಸಬಹುದು. 48 ಕಿಲೋಹರ್ಟ್ಜ್ ಸೆಷನ್ (ಸೆಕೆಂಡಿಗೆ 48,000 ಸ್ಯಾಂಪಲ್) ಆದರೆ 1 ಮಿಲಿಸೆಕೆಂಡ್ ಅಂದರೆ 48 ಸ್ಯಾಂಪಲ್. ಒಂದು ಸ್ಯಾಂಪಲ್ ಅಂದರೆ ಸುಮಾರು 7 ಮಿಲಿಮೀಟರ್. ಮೀಟು ಬಿದ್ದ ಮೊದಲ ಕ್ಷಣ ಎರಡರಲ್ಲೂ ಎದುರುಬದುರು ಬರುವ ಹಾಗೆ ಎಳೆಯಿರಿ, ಆಮೇಲೆ ಕಿವಿಯಲ್ಲಿ ಸ್ವಲ್ಪ ಹಿಂದೆ ಮುಂದೆ ಆಡಿಸಿ. ಅದಕ್ಕಿಂತ ಸುಲಭ ದಾರಿ ಇನ್ನೊಂದಿದೆ. ಒಂದು ಮೈಕನ್ನು 10 ಡೆಸಿಬೆಲ್ ತಗ್ಗಿಸಿ. ಆಗ ಪೂರ್ತಿ ಅಳಿಯುವ ಬದಲು ತಗ್ಗು 3 ಡೆಸಿಬೆಲ್‌ನಷ್ಟೇ ಇರುತ್ತದೆ, ಕಿವಿಗೆ ಅಷ್ಟು ಚುಚ್ಚುವುದಿಲ್ಲ. ಅಕ್ಕಪಕ್ಕದ ಎರಡು ವಾದ್ಯಕ್ಕೆ ಎರಡು ಮೈಕ್ ಇಡುವಾಗ, ಮೈಕಿಗೂ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟಾದರೂ ಮೈಕಿಗೂ ಮೈಕಿಗೂ ಇರಬೇಕು ಅನ್ನುವ ಹಳೇ ನಿಯಮ ಬಂದದ್ದೂ ಇದೇ ಲೆಕ್ಕದಿಂದ.

ಅಗಲ ಮಾಡುವ ಚಪಲ

ಕೋರಸ್ ದನಿ ಸಣ್ಣದಾಗಿ ಕೇಳುತ್ತದೆ. ಅದರದ್ದೇ ಒಂದು ಕಾಪಿ ಮಾಡಿ, 15 ಮಿಲಿಸೆಕೆಂಡ್ ತಡವಾಗಿಸಿ, ಒಂದು ಎಡ ಒಂದು ಬಲ. ಅಬ್ಬಾ, ಎಷ್ಟು ಅಗಲ! ಎಲ್ಲರೂ ಕಲಿಯುವ ಮೊದಲ ಟ್ರಿಕ್ಕು ಇದು, ನಾನೂ ವರ್ಷಗಟ್ಟಲೆ ಮಾಡಿದೆ. ಇಷ್ಟು ಕಮ್ಮಿ ತಡವಾಗಿ ಬಂದ ಸದ್ದನ್ನು ಕಿವಿ ಬೇರೆ ಪ್ರತಿಧ್ವನಿ ಅಂತ ಕೇಳದೆ ಒಂದೇ ಅಂತ ಬೆಸೆದುಬಿಡುತ್ತದೆ ಅಂತ ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದರು. ಕಿವಿ ಬೆಸೆಯುತ್ತದೆ, ಮೋನೋ ಸ್ಪೀಕರ್ ಬೆಸೆಯುವುದಿಲ್ಲ. 15 ಮಿಲಿಸೆಕೆಂಡ್‌ಗೆ ಪ್ರತಿ 67 ಹರ್ಟ್ಜ್‌ಗೊಂದು ಹಲ್ಲು ಬೀಳುತ್ತದೆ. ನಾಲ್ಕು ಜನರ ಕೋರಸ್ ಬಿಂದಿಗೆಯ ಒಳಗಿಂದ ಬಂದ ಹಾಗಾಗುತ್ತದೆ.

ಇದಕ್ಕೆ ಪ್ಲಗಿನ್ ಪರಿಹಾರ ಹುಡುಕಬೇಡಿ. ಹಾಡುಗಾರರನ್ನು ಇನ್ನೊಂದು ಸಲ ಹಾಡಿಸಿ. ಮನುಷ್ಯ ಒಂದೇ ಸಾಲನ್ನು ಎರಡು ಸಲ ಒಂದೇ ಥರ ಹಾಡೋಕೆ ಸಾಧ್ಯವಿಲ್ಲ. ಆ ಸಣ್ಣ ಏರುಪೇರೇ ಎಡ-ಬಲಗಳನ್ನು ಬೇರೆ ಬೇರೆಯಾಗಿ ಇಡುತ್ತದೆ, ಮೋನೋದಲ್ಲಿ ಎರಡು ಜನ ಹಾಡಿದ ಹಾಗೆ ಕೇಳುತ್ತದೆ.

ಇನ್ನು ವೈಡನರ್ ಪ್ಲಗಿನ್‌ಗಳು. ಬಹಳಷ್ಟು ಮಾಡುವುದು ಒಂದೇ: ಮಧ್ಯದ್ದನ್ನು ಒಂದು ಕಡೆ, ಪಕ್ಕದ ವ್ಯತ್ಯಾಸವನ್ನು ಇನ್ನೊಂದು ಕಡೆ ಬೇರೆ ಮಾಡಿ, ಪಕ್ಕದ್ದನ್ನು ಏರಿಸುವುದು. ಹೀಗೆ ಮಧ್ಯ-ಪಕ್ಕ ಅಂತ ಬೇರೆ ಮಾಡಿ ನೋಡುವ ದಾರಿಯನ್ನು ಇಂಗ್ಲೆಂಡಿನ ಇಎಂಐ ಕಂಪನಿಯಲ್ಲಿದ್ದ ಅಲನ್ ಬ್ಲಮ್ಲೈನ್ 1931ರಲ್ಲೇ ಪೇಟೆಂಟ್ ಅರ್ಜಿಯಲ್ಲಿ ಹಾಕಿದ್ದರು. ಎಡ ಅಂದರೆ ಮಧ್ಯ ಕೂಡಿಸು ಪಕ್ಕ, ಬಲ ಅಂದರೆ ಮಧ್ಯ ಕಳೆ ಪಕ್ಕ. ಎಡ-ಬಲ ಕೂಡಿಸಿದರೆ ಪಕ್ಕ ಹಾರಿಹೋಗಿ ಮಧ್ಯ ಮಾತ್ರ ಉಳಿಯುತ್ತದೆ. ನೀವು ಕಷ್ಟಪಟ್ಟು ಏರಿಸಿದ್ದೆಲ್ಲ ಮೋನೋದಲ್ಲಿ ಇಲ್ಲವೇ ಇಲ್ಲ. ಮಾಸ್ಟರ್ ಮೇಲೆ ನಾನು ಇವನ್ನು ಹಾಕುವುದನ್ನು ಬಿಟ್ಟೇಬಿಟ್ಟಿದ್ದೇನೆ. ಒಂದು ಪ್ಯಾಡ್ ಸದ್ದಿನ ಮೇಲೆ ಒಂಚೂರು ಹಾಕಿದರೆ ತಕರಾರಿಲ್ಲ.

ಕೀಬೋರ್ಡ್ ಪಿಯಾನೋ ಸದ್ದುಗಳೂ ಹೀಗೇ. ಷೋರೂಮಿನಲ್ಲಿ ಬೆರಗಾಗಿಸಲು ವಿಪರೀತ ಅಗಲ ಇಟ್ಟಿರುತ್ತಾರೆ. ಮೋನೋದಲ್ಲಿ ಸೊರಗಿದರೆ ಒಂದೇ ಪಕ್ಕದ್ದನ್ನು ಇಟ್ಟುಕೊಳ್ಳಿ, ಅಥವಾ ಮೋನೋ ಪ್ಯಾಚ್ ಹುಡುಕಿ. ಬೇಸ್ ಗಿಟಾರ್, ಬೇಸ್ ಸಿಂಥ್ ಮೇಲೆ ಸ್ಟೀರಿಯೋ ಕೋರಸ್ ಎಫೆಕ್ಟ್ ಇದ್ದರೆ ತೆಗೆದುಬಿಡಿ. ಸುಮಾರು 120 ಹರ್ಟ್ಜ್ ಕೆಳಗೆ ಎಲ್ಲವೂ ಮಧ್ಯದಲ್ಲೇ ಇರಲಿ.

ರಿಪೇರಿ ಬೇಡದ್ದು

ಮೋನೋಗೆ ಬಂದಾಗ ಪಕ್ಕದ ವಾದ್ಯ ತುಸು ತಗ್ಗುವುದು ಸಹಜ. ನಿಮ್ಮ ಸಾಫ್ಟ್‌ವೇರಿನ ಪ್ಯಾನ್ ನಿಯಮ (ಮಧ್ಯದಲ್ಲಿಟ್ಟ ಸದ್ದನ್ನು ಎರಡೂ ಕಡೆ ಎಷ್ಟು ತಗ್ಗಿಸಬೇಕು ಅನ್ನುವ ಲೆಕ್ಕ) ಮೈನಸ್ 3 ಡೆಸಿಬೆಲ್ ಆಗಿದ್ದರೆ, ಮಧ್ಯದಲ್ಲಿರುವ ದನಿ ಕೂಡಿದಾಗ 3 ಡೆಸಿಬೆಲ್ ಏರುತ್ತದೆ, ಪೂರ್ತಿ ಪಕ್ಕದಲ್ಲಿರುವುದು ಇದ್ದಷ್ಟೇ ಇರುತ್ತದೆ. ಹಾಗಾಗಿ ಕೊಳಲು ದನಿಗಿಂತ 3 ಡೆಸಿಬೆಲ್ ಹಿಂದೆ ಬಿದ್ದ ಹಾಗೆ ಅನ್ನಿಸುತ್ತದೆ. ರೀವರ್ಬ್ ಕೂಡ ಒಣಗಿದ ಹಾಗೆ ಕೇಳುತ್ತದೆ, ಯಾಕಂದರೆ ಅದರ ಜೀವ ಇರುವುದೇ ಎಡ-ಬಲಗಳ ವ್ಯತ್ಯಾಸದಲ್ಲಿ. ಇದಕ್ಕೆ ಹೆದರಿ ಮೋನೋದಲ್ಲೇ ರೀವರ್ಬ್ ಏರಿಸಿದರೆ, ಹೆಡ್‌ಫೋನ್‌ನವರಿಗೆ ಹಾಡು ಕಲ್ಯಾಣಿಯೊಳಗೆ ಮುಳುಗಿದ ಹಾಗೆ ಕೇಳುತ್ತದೆ. ನಾನು ಮಟ್ಟ ಮತ್ತು ಇಕ್ಯೂ ಮೋನೋದಲ್ಲಿ ಮಾಡುತ್ತೇನೆ, ಪ್ಯಾನ್ ಮತ್ತು ರೀವರ್ಬ್ ಸ್ಟೀರಿಯೋದಲ್ಲಿ. ಮೋನೋದಲ್ಲಿ ಕೊಳಲು ದನಿಯ ಹಿಂದೆ ಅಡಗಿದರೆ ಅದನ್ನು ಪಕ್ಕಕ್ಕೆ ತಳ್ಳಿ ಪಾರಾಗೋಕೆ ಆಗಲ್ಲ. ದನಿಗೆ ಜಾಗ ಬಿಟ್ಟು ಕೊಳಲಿನ ಇಕ್ಯೂ ತಿದ್ದಲೇಬೇಕಾಗುತ್ತದೆ. ಆಮೇಲೆ ಸ್ಟೀರಿಯೋಗೆ ಹೋದಾಗ ಅದು ಎಲ್ಲಿ ಕೂತರೂ ಸ್ಪಷ್ಟವಾಗಿ ಕೇಳುತ್ತದೆ.

ಟೀಚರ್ ಹಾಡನ್ನು ಸರಿ ಮಾಡಿ ಈ ಸಲ ವಾಟ್ಸಾಪ್‌ನಲ್ಲಿ ಕಳಿಸಲಿಲ್ಲ, ಅವರ ಮನೆಗೇ ಹೋದೆ. ಫೈಲನ್ನು ಅವರದ್ದೇ ಫೋನಿಗೆ ಹಾಕಿದೆ. ಅವರು ಅದನ್ನು ಅಡುಗೆ ಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಒಗ್ಗರಣೆ ಹಾಕುತ್ತಲೇ ಪಲ್ಲವಿ ಪೂರ್ತಿ ಕೇಳಿದರು.

"ಹಾಂ, ಈಗ ಇದ್ದೀನಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಬಲ ಒಂಚೂರು ಕಮ್ಮಿ ಮಾಡ್ತೀಯಾ?"